ಬೆಳಕು ಕೊಡದ ಕಣ್ಣು

ಮುಳಬಾಗಿಲು
15-9-1974

ಪ್ರೀತಿಯ ಸುಂದರಾ,

ನಿನ್ನ ಎರಡು ಕಾಗದಗಳೂ ದೇವರ ಗೂಡಿನ ಪಕ್ಕ ಕೂತು ನನ್ನನ್ನು ನೋಡಿ ಮೂತಿ ಉಬ್ಬಿಸಿಕೊಂಡಿವೆ. ಬೈಯಬೇಡ ಕಣೇ. ಕಣ್ಣಿಗೆ ಆಯಾಸ ಕೊಡಬಾರದೆಂದು ಡಾಕ್ಟರು ಒಂದು ಮಾತು ಹೇಳಿದ್ದೇ ತಡ, ನನ್ನ ತಮ್ಮ ನಾರಾಯಣ ಅದನ್ನೇ ವೇದವಾಕ್ಯ ಮಾಡಿಕೊಂಡು ಪೆನ್ನು, ಕಾಗದ ಎರಡನ್ನೂ ಬೀರುವಿನ ಮೇಲೆ ಏರಿಸಿಬಿಟ್ಟಿದ್ದ. ಇವತ್ತು ಅವನು ಯಾರದೋ ಲೆಕ್ಕಪತ್ರ ನೋಡಲು ಪಕ್ಕದ ಆವನಿ ಊರಿಗೆ ಹೋಗಿದ್ದಾನೆ. ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ. ನಾನು ಸ್ಟೂಲು ಹಾಕಿಕೊಂಡು ನನ್ನ ಆಸ್ತಿಯನ್ನು ಇಳಿಸಿಕೊಂಡೆ. ಧಾರವಾಡದ ಮಳೆ ನಿಂತಿತೇ? ನಿನ್ನ ಮಂಡಿನೋವು ಹೇಗಿದೆ?

ನನ್ನ ಕಣ್ಣಿನ ಪುರಾಣ ಕೇಳು. ಯುಗಾದಿ ಕಳೆದ ಮೇಲೆ ಕಣ್ಣ ಮುಂದೆ ಕಪ್ಪು ದಾರದ ಎಳೆಯೊಂದು ತೇಲಲು ಶುರುವಾಯಿತು. ಅಕ್ಕಿ ಆರಿಸುವಾಗ ಅದನ್ನು ಹುಳುವೆಂದು ಹೆಕ್ಕಲು ಹೋಗಿ ಮಕ್ಕಳ ಕೈಲಿ ನಗಿಸಿಕೊಂಡೆ. ಇಷ್ಟು ವರ್ಷ ಸಕ್ಕರೆ ಕಾಯಿಲೆಯನ್ನು ಸಾಕಿದ್ದೇನಲ್ಲ, ಅದರದೇ ಉಪಕಾರವಂತೆ. ಕೋಲಾರದ ಧರ್ಮಾಸ್ಪತ್ರೆಗೆ ಗುರುವಾರ ಬೆಂಗಳೂರಿನಿಂದ ಕಣ್ಣಿನ ಡಾಕ್ಟರುಗಳು ಬರುತ್ತಾರೆ. ಅವರಲ್ಲಿ ಚಿಕ್ಕ ಡಾಕ್ಟರು ನನ್ನನ್ನು ಕೂರಿಸಿಕೊಂಡು, ನಾವು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದೆವಲ್ಲ, ಹಾಗೆ ಬಿಡಿಸಿ ಹೇಳಿದರು. ಕಣ್ಣಿನ ಹಿಂಭಾಗದಲ್ಲಿ ಒಂದು ಪರದೆಯಿದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಅದರ ಮೇಲೆ ಬೇಡದ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಅವು ಬಹಳ ನಾಜೂಕು, ಒಡೆದರೆ ಕಣ್ಣೊಳಗೆ ರಕ್ತ ತುಂಬಿ ಕತ್ತಲೆ. ಈಗ ಒಂದು ಯಂತ್ರ ಬಂದಿದೆಯಂತೆ, ಪಾಪೆಯೊಳಗಿಂದ ಪ್ರಖರವಾದ ಬೆಳಕು ಬಿಟ್ಟು ಆ ಪರದೆಯನ್ನು ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಸುಡುತ್ತಾರೆ. ಅದರಿಂದ ಒಳ್ಳೆಯದೋ ಕೆಟ್ಟದ್ದೋ ಅವರಿಗೂ ಪೂರಾ ತಿಳಿಯದು. ತಿಳಿಯಲೆಂದೇ ಈ ಸಂಶೋಧನೆ. ಒಂದು ಕಣ್ಣಿಗೆ ಬೆಳಕು ಕೊಡುತ್ತಾರೆ, ಇನ್ನೊಂದನ್ನು ಹಾಗೆಯೇ ಬಿಟ್ಟು ಎರಡನ್ನೂ ವರ್ಷಗಟ್ಟಲೆ ಹೋಲಿಸಿ ನೋಡುತ್ತಾರೆ.

ಯಾವ ಕಣ್ಣು ಎಂದು ಕೇಳಿದೆ. ಅದನ್ನು ಅವರೂ ಆರಿಸುವಂತಿಲ್ಲ, ನಾನೂ ಆರಿಸುವಂತಿಲ್ಲ. ಅಂಟಿಸಿದ ಲಕೋಟೆ ಒಡೆದು ಚೀಟಿ ನೋಡಿದರು, ಎಡಗಣ್ಣು ಬಂತು. ನಾನು ಓದುವುದು ಬರೆಯುವುದು ಎಲ್ಲ ಬಲಗಣ್ಣಿನ ಬಲದಲ್ಲಿ. ಅದೇ ಅನಾಥವಾಯಿತಲ್ಲ.

ಹೊರಗೆ ವರಾಂಡದ ಬೆಂಚಿನ ಮೇಲೆ ಸಪ್ಪಗೆ ಕೂತಿದ್ದಾಗ ಪಕ್ಕದವರೊಬ್ಬರು, "ಏನು ಬಂತು ಟೀಚರಮ್ಮ, ನಿಮ್ಗೆ?" ಎಂದರು. ಬೆಳಗ್ಗೆ ಜನ ಬಾಗಿಲಲ್ಲಿ ನುಗ್ಗುವಾಗ ಅಭ್ಯಾಸಬಲದಿಂದ ಎಲ್ಲರಿಗೂ ಸಾಲಾಗಿ ನಿಲ್ಲಿ ಎಂದು ಗದರಿದ್ದೆ. ಮೊದಲು ಸಾಲಿಗೆ ಸರಿದವರು ಇವರೇ ಅಂತೆ. ಶ್ರೀನಿವಾಸಪುರದ ಮಾವಿನ ಮಂಡಿಯವರು, ಕೋದಂಡರಾಮಪ್ಪ ಎಂದು ಹೆಸರು. ಆನೆಯಂಥ ಆಳು, ಗಂಟೆಯಂಥ ದನಿ, ಮಾತಿನಲ್ಲಿ ಅರ್ಧ ತೆಲುಗು. ಎಡಗಣ್ಣು ಎಂದೆ.

"ಹೆಂಗಸ್ರಿಗೆ ಎಡಗಣ್ಣೇ ಶುಭ ಬಿಡ್ರಮ್ಮ. ನಂಗೆ ಬಲಗಣ್ಣು ಬಂದೈತೆ. ದೇವ್ರು ಶಾಸ್ತ್ರ ನೋಡ್ಕೊಂಡೇ ಚೀಟಿ ಎತ್ತವ್ನೆ."

ಕಣ್ಣು ಅದುರುವ ಶಾಸ್ತ್ರವನ್ನು ಕಣ್ಣು ಸುಡುವುದಕ್ಕೂ ಹಚ್ಚಿದ ಆಸಾಮಿಯನ್ನು ನೋಡಿ ನಗು ಬಂತು ಸುಂದರಾ. ಎಷ್ಟೋ ತಿಂಗಳ ಮೇಲೆ ನಕ್ಕೆ. ಬೆಂಗಳೂರಿಗೆ ಹೋಗಿ ಬೆಳಕು ಕೊಡಿಸಿಕೊಂಡು ಬಂದೂ ಆಯಿತು. ಇನ್ನು ನಾಲ್ಕು ತಿಂಗಳಿಗೊಮ್ಮೆ ಕೋಲಾರಕ್ಕೆ ಹೋಗಿ ತೋರಿಸಬೇಕು. ಮಗನಿಗೆ, ಸೊಸೆಗೆ ನನ್ನ ಆಶೀರ್ವಾದ. ಮೊಮ್ಮಗನ ಕೆನ್ನೆ ಹಿಂಡು.

ನಿನ್ನ
ತುಳಸಿ

*

ಮುಳಬಾಗಿಲು
21-12-1975

ಪ್ರೀತಿಯ ಸುಂದರಾ,

ತಡವಾಯಿತೆಂದು ಪ್ರತಿ ಸಲ ಹೇಳಿ ನನಗೇ ನಾಚಿಕೆ. ಈ ಸಲ ತಪ್ಪು ನಿನ್ನದು. ಅಂಥ ತುಂಟ ಪ್ರಶ್ನೆ ಕೇಳಿದರೆ ಉತ್ತರ ಬರೆಯಲು ಹೊತ್ತು ಬೇಡವೇ?

"ನಿನ್ನ ಮಂಡಿಯ ಸಾಹುಕಾರರನ್ನು ಏನೆಂದು ಕರೆಯುತ್ತೀ" ಎಂದು ಕೇಳಿದ್ದೀ. ಏನೂ ಕರೆಯುವುದಿಲ್ಲ. ಕರೆಯುವ ಪ್ರಮೇಯವೇ ಬರುವುದಿಲ್ಲ. ನನ್ನ ಛತ್ರಿಯ ಹಿಡಿಗೆ ಕೆಂಪು ರಿಬ್ಬನ್ ಕಟ್ಟಿರುತ್ತೇನಲ್ಲ, ಶಾಲೆಯಲ್ಲಿ ಬೇರೆಯವರದರ ಜೊತೆ ಅದಲುಬದಲಾಗದಿರಲಿ ಎಂದು ಕಟ್ಟಿದ್ದು, ಅದನ್ನು ಬೆಂಚಿನ ತುದಿಗೆ ಒರಗಿಸಿ ಕೂತಿರುತ್ತೇನೆ. ಅವರು ಗೇಟಿನಿಂದಲೇ ಅದನ್ನು ನೋಡಿ "ಏಮಮ್ಮಾ ಟೀಚರಮ್ಮಾ" ಎಂದು ಕೂಗುತ್ತಾ ಬರುತ್ತಾರೆ. ನಾನು ಚೆನ್ನಾಗಿದ್ದೀರಾ ಎನ್ನುತ್ತೇನೆ. ಅಲ್ಲಿಂದ ಮಾತು ತಾನಾಗಿ ಹೊರಡುತ್ತದೆ. ಪಾಪೆ ಅರಳಲು ಹನಿ ಬಿಟ್ಟ ಮೇಲೆ ಸುಮಾರು ಹೊತ್ತು ಯಾರಿಗೂ ಏನೂ ಸರಿಯಾಗಿ ಕಾಣದು, ಕಣ್ಣು ಮುಚ್ಚಿ ಕೂರಬೇಕು. ನಾರಾಯಣ ನನ್ನನ್ನು ಕೂರಿಸಿ ತನ್ನ ಕೆಲಸಕ್ಕೆಂದು ತಾಲ್ಲೂಕು ಕಚೇರಿಗೆ ಹೋಗಿಬಿಡುತ್ತಾನೆ. ಕಣ್ಣು ಮುಚ್ಚಿಕೊಂಡು ಮಾತಾಡುವುದು ಎಷ್ಟು ಸುಲಭ ಗೊತ್ತೇ?

ಆಸ್ಪತ್ರೆಯ ಆಯಾ ಚಿಕ್ಕಗಂಗಮ್ಮ ಹೋದ ಸಲ, ನಿಮ್ಮಣ್ಣ ಇನ್ನೂ ಬಂದಿಲ್ಲವೇ ಎಂದು ಕೇಳಿದಳು. ಅವರು ನನ್ನ ಅಣ್ಣನಲ್ಲ ಎಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿಬಿಟ್ಟೆನೇನೋ, ಪಾಪ, ಅವಳು ಹನಿಯ ಸೀಸೆ ಹಿಡಿದು ಹಾಗೇ ನಿಂತಳು. ಬಸ್ಸಿನ ಕಂಡಕ್ಟರನನ್ನು, ಸೊಪ್ಪಿನವನನ್ನು, ಊರಿನವರನ್ನೆಲ್ಲ ಅಣ್ಣ ಎನ್ನುವ ಬಾಯಿ ನನ್ನದು. ಈ ಒಬ್ಬರಿಗೆ ಮಾತ್ರ ಆ ಮಾತು ಹೊರಡುವುದಿಲ್ಲ. ನಗಬೇಡ. ಹದಿನೆಂಟಕ್ಕೆ ಕುಂಕುಮ ಅಳಿಸಿಕೊಂಡವಳಿಗೆ ಈಗ ಐವತ್ತರ ಮೇಲೆ ಏನು ಬಂತು ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಈ ಮನೆಯಲ್ಲಿ ನನಗೆ ಊಟಕ್ಕೆ, ಗೌರವಕ್ಕೆ ಕೊರತೆಯಿಲ್ಲ. ಆದರೆ ಅತ್ತೆ ಹಾಲು ಕಾಯಿಸಿದಿರಾ, ಅಕ್ಕ ಬಾಗಿಲು ಹಾಕಿದೆಯಾ, ಇಷ್ಟು ಬಿಟ್ಟರೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ನಾಲ್ಕು ತಿಂಗಳಿಗೊಮ್ಮೆ ಗೇಟಿನಿಂದ ಒಬ್ಬರು ನನ್ನನ್ನು ಬಾಯ್ತುಂಬ ಕರೆಯುತ್ತಾರೆ. ಅಷ್ಟೇ ಕಣೇ, ಅದಕ್ಕಿಂತ ಹೆಚ್ಚೇನೂ ಇಲ್ಲ.

ಬೇಸರದ ಸುದ್ದಿಯೊಂದಿದೆ. ಬೆಳಕು ಕೊಟ್ಟಿದ್ದ ಅವರ ಬಲಗಣ್ಣಿನಲ್ಲಿಯೇ ರಕ್ತ ಇಳಿದು ಅದು ಹೋಯಿತು. ಬೆಳಕು ಕೊಟ್ಟರೂ ಕೆಲವರಿಗೆ ಹೀಗಾಗುತ್ತದೆ ಎಂದು ದೊಡ್ಡ ಡಾಕ್ಟರು ತಲೆ ತಗ್ಗಿಸಿ ಹೇಳಿದರಂತೆ. ಇವರು ಮಾತ್ರ, ಹಣ್ಣಿನ ಗುಡ್ಡೆಯಲ್ಲಿ ಒಂದೆರಡು ಕೊಳೆಯದೆ ಇರುತ್ತದೆಯೇ ಎಂದು ತಮಾಷೆ ಮಾಡಿದರು. ಸಕ್ಕರೆ ಕಾಯಿಲೆಯಿದ್ದೂ ಮಾವು ತಿನ್ನುತ್ತೀರಂತಲ್ಲ ಎಂದು ಗದರಿದೆ. ತಿನ್ನುವುದಿಲ್ಲ, ಕುಯ್ದು ರುಚಿ ನೋಡುತ್ತೇನೆ ಅಷ್ಟೆ, ನಾಲಿಗೆಗೆ ಮುಟ್ಟಿಸದೆ ಹಣ್ಣಿಗೆ ಬೆಲೆ ಕಟ್ಟಿದರೆ ತೋಟದವರು ಮಂಡಿಯವನನ್ನು ನಂಬುತ್ತಾರೆಯೇ ಎಂದರು. ದಿನಕ್ಕೆ ಎಷ್ಟು ತೋಟದವರು ಬರುತ್ತಾರೆ ಎಂದು ನಾನು ಕೇಳಲಿಲ್ಲ.

ಎಲ್ಲರಿಗೂ ಶುಭವಾಗಲಿ. ಕಾಗದ ಓದಿ ಹರಿದುಹಾಕು, ಸೊಸೆಯ ಕೈಗೆ ಸಿಕ್ಕೀತು.

ನಿನ್ನ
ತುಳಸಿ

*

ಮುಳಬಾಗಿಲು
28-8-1977

ಪ್ರೀತಿಯ ಸುಂದರಾ,

ಮೊದಲು ಒಳ್ಳೆಯ ಸುದ್ದಿ. ನನ್ನ ಅಕ್ಷರ ನೋಡು, ಸಾಲು ತಪ್ಪಿಲ್ಲ. ಬಲಗಣ್ಣಿಗೂ ಬೆಳಕು ಕೊಟ್ಟಾಯಿತು. ಇಷ್ಟು ದಿನ ಬರೆಯದ್ದಕ್ಕೆ ಆ ಸಂಭ್ರಮವೇ ಕಾರಣ ಎಂದು ಬರೆಯಬಹುದಿತ್ತು. ಬರೆದರೆ ನೀನು ನಂಬುವವಳೂ ಅಲ್ಲ.

ಏಪ್ರಿಲ್‌ನಲ್ಲಿ ಹೋದಾಗ ದೊಡ್ಡ ಡಾಕ್ಟರು ನಮ್ಮನ್ನೆಲ್ಲ ವರಾಂಡದಲ್ಲಿ ಸೇರಿಸಿ ಫಲಿತಾಂಶ ಹೇಳಿದರು. ಬೆಳಕು ಕೊಟ್ಟ ಕಣ್ಣುಗಳು ಕೊಡದ ಕಣ್ಣುಗಳಿಗಿಂತ ಬಹಳ ಹೆಚ್ಚು ಉಳಿದಿವೆ, ಇನ್ನು ಚೀಟಿ ಎತ್ತುವುದು ಮುಗಿಯಿತು, ಉಳಿದ ಕಣ್ಣಿಗೂ ಕೊಡುತ್ತೇವೆ, ತಡ ಮಾಡಬೇಡಿ ಎಂದರು. ಕೋದಂಡರಾಮಪ್ಪನವರನ್ನು ಬೇರೆಯಾಗಿ ಕರೆದು, ನಿಮಗಿರುವುದು ಎಡಗಣ್ಣೊಂದೇ, ಅದರಲ್ಲೂ ಹೊಸ ನಾಳಗಳು ಹುಟ್ಟಿವೆ, ಈ ವಾರವೇ ಬನ್ನಿ ಎಂದರಂತೆ.

ಅವರು ಬಂದು ನನ್ನ ಪಕ್ಕ ಕೂತರು. ಅವತ್ತು ನಾರಾಯಣ ಕಚೇರಿಗೆ ಹೋಗದೆ ನನ್ನ ಇನ್ನೊಂದು ಪಕ್ಕದಲ್ಲಿಯೇ ಕೂತಿದ್ದ. ಚಿಕ್ಕಗಂಗಮ್ಮ ಎದುರಿಗೇ ನಿಂತು ಹನಿ ಬಿಡುತ್ತಿದ್ದಳು. ಅವರು ಎಡಗಣ್ಣಿನ ಮೇಲೆ ಅಂಗೈ ಇಟ್ಟು ತೆಗೆದರು. ಆಮೇಲೆ ಹೇಳಿದರು.

"ಬಲಗಣ್ಣಿಗೆ ಬೆಳಕು ಬಿಟ್ರು, ಅದು ಹೋಯ್ತು. ಎಡಗಣ್ಣಿಗೆ ಏನೂ ಮಾಡ್ಲಿಲ್ಲ, ಅದು ನಿಂತೈತೆ. ಈಗ ನಿಂತಿರೋದಕ್ಕೂ ಬಿಡ್ತೀವಿ ಅಂತಾರೆ. ನಂಗೆ ಭಯ ಆಗ್ತೈತೆ ಟೀಚರಮ್ಮ. ನೀವು ಮಾಡಿಸ್ಕೋ ಅಂದ್ರೆ ಮಾಡಿಸ್ಕೊಂತೀನಿ."

ಅಂಥ ದೊಡ್ಡ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅವತ್ತೇ ಕೇಳಿದ್ದು. ಮಾಡಿಸಿಕೊಳ್ಳಿ ಎನ್ನಲು ಎಷ್ಟು ಹೊತ್ತು ಬೇಕು? ನಾರಾಯಣ ನನ್ನ ಮುಖವನ್ನೇ ನೋಡುತ್ತಿದ್ದಾನೆಂದು ನೋಡದೆಯೇ ತಿಳಿಯಿತು. ಇವಳನ್ನು ಇವರು ಯಾಕೆ ಕೇಳಬೇಕು, ಇವಳು ಯಾವ ಸಲಿಗೆಯಿಂದ ಹೇಳಬೇಕು ಎಂದು ಅವನು ಅಂದುಕೊಂಡನೋ ಇಲ್ಲವೋ, ನಾನಂತೂ ಅಂದುಕೊಂಡೆ. "ಮನೆಯವರನ್ನು ಕೇಳಿ ಮಾಡಿ" ಎಂದೆ.

"ಮನೇಲಿ ಕೇಳೋಕೆ ಯಾರವ್ರಮ್ಮ" ಎಂದರು. ಹೆಂಡತಿ ಹೋಗಿ ಎಷ್ಟೋ ಕಾಲವಾಯಿತು, ಮಗ ಆಂಜಿನಪ್ಪ ತಂದೆಯ ಎದುರು ನಿಂತು ಮಾತಾಡುವವನಲ್ಲ. ಆಮೇಲೆ ಅವರೇ ಎದ್ದು, ಸೀಜನ್ ಬಂತು, ಬಾದಾಮಿ ಮಾವು ಇಳಿಯುವ ಹೊತ್ತಿನಲ್ಲಿ ಮಂಡಿ ಬಿಟ್ಟರೆ ಆಗದು, ಕೊನೆಗೆ ಬರುವ ನೀಲಂ ಹಣ್ಣು ಮುಗಿಯಲಿ, ನೋಡೋಣ ಎಂದು ಎಂದಿನ ಗಟ್ಟಿ ದನಿಯಲ್ಲಿ ಹೇಳಿ ಹೊರಟರು. ಅದು ಸೀಜನ್ನಿನ ಮಾತಲ್ಲವೆಂದು ನನಗೆ ಗೊತ್ತಿತ್ತು. ನಾರಾಯಣ ಬಸ್ಸಿನಲ್ಲಿ, ಒಳ್ಳೆ ಮಾತು ಹೇಳಿದೆ ಅಕ್ಕ, ಬೇರೆಯವರ ಮನೆ ವಿಷಯ ನಮಗೇಕೆ ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣ ಹುಡುಕಿದೆ, ಸಿಕ್ಕಲಿಲ್ಲ.

ಮೇ ತಿಂಗಳಲ್ಲಿ ನಾನು ಬೆಂಗಳೂರಿಗೆ ಹೋಗಿ ಬಲಗಣ್ಣಿಗೆ ಬೆಳಕು ಕೊಡಿಸಿಕೊಂಡು ಬಂದೆ. ಈ ತಿಂಗಳು ಕೋಲಾರದಲ್ಲಿ ನೋಡಿ, ಎರಡೂ ನಿಂತಿವೆ, ಇನ್ನು ನೀವು ಧಾರಾಳವಾಗಿ ಕಾದಂಬರಿ ಓದಿ ಎಂದರು. ಕೋದಂಡರಾಮಪ್ಪನವರ ಎಡಗಣ್ಣಿನಲ್ಲಿ ನೀಲಂ ಕಾಲದಲ್ಲಿಯೇ ರಕ್ತ ಇಳಿಯಿತಂತೆ. ಈಗ ಮಾಡುವಂಥದ್ದು ಏನೂ ಉಳಿದಿಲ್ಲ, ಸುಮ್ಮನೆ ಬಸ್ಸಿನಲ್ಲಿ ಆಯಾಸ ಪಡಬೇಡಿ, ಇನ್ನು ಬರುವುದು ಬೇಡ ಎಂದು ಡಾಕ್ಟರು ಹೇಳಿಬಿಟ್ಟರೆಂದು ಚಿಕ್ಕಗಂಗಮ್ಮ ತಿಳಿಸಿದಳು. ಅವರೊಡನೆ ಮಾತಾಡಲು ನನಗೆ ಆಗಲಿಲ್ಲ.

ನಿನ್ನ ಮೊಮ್ಮಗ ಶಾಲೆಗೆ ಸೇರಿದ್ದು ತಿಳಿದು ಸಂತೋಷವಾಯಿತು. ಅ ಆ ಕಲಿಸುವಾಗ ಹೊಡೆಯಬೇಡ, ನಿನ್ನ ಕೈ ಬಿರುಸು. ನೀವೆಲ್ಲ ನೂರು ಕಾಲ ಕಣ್ತುಂಬ ನೋಡಿಕೊಂಡು ಬಾಳಿ.

ನಿನ್ನ
ತುಳಸಿ

ಮರೆತದ್ದು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಈ ತಿಂಗಳು ಕೋಲಾರಕ್ಕೆ ಹೋದ ದಿನವೇ ಅವರನ್ನು ನಾನು ನೋಡಿದೆ ಸುಂದರಾ. ತುಂತುರು ಹನಿಯುತ್ತಿತ್ತು. ನಾರಾಯಣ ನನ್ನ ಛತ್ರಿ ಹಿಡಿದುಕೊಂಡು ಫ್ಲಾಸ್ಕಿಗೆ ಕಾಫಿ ಹಾಕಿಸಲು ಹೋಗಿದ್ದ. ಇನ್ನೂ ಕಣ್ಣಿಗೆ ಹನಿ ಬಿಟ್ಟಿರಲಿಲ್ಲ, ನನಗೆ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಆಂಜಿನಪ್ಪ ಕೈಹಿಡಿದುಕೊಂಡು ಅವರನ್ನು ಒಳಗಿನಿಂದ ಕರೆತಂದ. ಮೈ ಇಳಿದುಹೋಗಿತ್ತು. ಗೋಡೆ ಸವರಿಕೊಂಡು ಬಂದವರು ನಮ್ಮ ಬೆಂಚಿನ ಹತ್ತಿರ ನಿಂತರು. ಮಗನನ್ನು ಕೇಳಿದರು, "ಬೆಂಚಿನ ತಾವ ಕೆಂಪು ರಿಬ್ಬನ್ ಕಟ್ಟಿರೋ ಛತ್ರಿ ಐತೇನೋ ನೋಡು."

ಅವನಿಗೆ ನನ್ನ ಪರಿಚಯವಿಲ್ಲ. ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಇಲ್ಲಪ್ಪ, ಯಾವ ಛತ್ರೀನೂ ಇಲ್ಲ" ಎಂದ.

ನಾನು ಒಂದು ಮೊಳ ದೂರದಲ್ಲಿದ್ದೆ. ನಾರಾಯಣನೂ ಇರಲಿಲ್ಲ, ಚಿಕ್ಕಗಂಗಮ್ಮನೂ ಇರಲಿಲ್ಲ, ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಅಣ್ಣ ಎಂದಿದ್ದರೆ ಸಾಕಿತ್ತು, ದನಿಯ ಗುರುತಿನ ಮೇಲೆ ತಿರುಗುತ್ತಿದ್ದರು. ಅದೊಂದನ್ನು ಅವರಿಗೆ ಅನ್ನಲಾರೆ. ಬೇರೆ ಯಾವುದನ್ನು ಅನ್ನಬೇಕೋ ನನಗೆ ಯಾರೂ ಕಲಿಸಿಲ್ಲ. ಅವರು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಬೆಂಚಿನ ಕಡೆ ಮುಖ ಮಾಡಿ ನಿಂತಿದ್ದರು. ಆಮೇಲೆ ಮಗನ ಭುಜ ಹಿಡಿದು ಗೇಟಿನ ಕಡೆಗೆ ಹೋದರು. ಉಳಿದುಕೊಂಡ ನನ್ನ ಎರಡೂ ಕಣ್ಣಿನಿಂದ ನೋಡುತ್ತಾ ಕೂತಿದ್ದೆ.

ಏನೆಂದು ಕರೆಯುತ್ತೀ ಎಂದು ಕೇಳಿದ್ದೆಯಲ್ಲ. ಏನೂ ಕರೆಯಲಿಲ್ಲ ಕಣೇ.