ಕಪಾಟಿನಲ್ಲಿ ಶೂ, ಬೆರಳಲ್ಲಿ ಹೆಜ್ಜೆ

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ಹನ್ನೊಂದು, ಭಾನುವಾರ ಬೆಳಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ ತಾಯಿ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಇಂಜಿನ್ ರೂಮಿನ ಸೆಕೆಯಲ್ಲಿ ನೀರು ಕುಡಿಯುವುದನ್ನೇ ಮರೆಯುತ್ತೇನೆಂದು ಕಳೆದ ಸಲ ನೀನೇ ಬಾಯಿಬಿಟ್ಟಿದ್ದೆ. ಈಗಲಾದರೂ ಬಾಟಲಿಯನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದೀಯೋ ಇಲ್ಲವೋ? ನಾನು ಗುಂಡುಕಲ್ಲಿನ ಹಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅಳಿಯಂದಿರು ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದು ಒಳಗೆ ಮಲಗಿದ್ದಾರೆ, ಗೊರಕೆ ಇಲ್ಲಿಯವರೆಗೂ ಕೇಳಿಸುತ್ತಿದೆ. ನಿನ್ನ ಮಗಳು, ನಮ್ಮ ಬುಗುರಿ, ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುತ್ತಾ ನಿನ್ನ ಎದೆ ಧಸಕ್ಕೆನ್ನಬಾರದು. ಫೋನಿನಲ್ಲಿ ಯಾಕೆ ಹೇಳಲಿಲ್ಲವೆಂದು ರೇಗಬೇಡ. ನಡುಸಮುದ್ರದಲ್ಲಿ ನಿನ್ನ ಲೈನು ಮಾತಿನ ಮಧ್ಯೆಯೇ ಕಡಿದುಹೋಗುತ್ತದೆ, ಇಲ್ಲಿ ಬುಗುರಿ ನನ್ನ ತೋಳು ಹಿಡಿದುಕೊಂಡೇ ನಿಂತಿರುತ್ತಾಳೆ. ಅದಕ್ಕೇ ಮುಂದಿನ ಬಂದರಿನ ವಿಳಾಸಕ್ಕೆ ಈ ಕಾಗದ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂಬುದು ನಿನಗೆ ಗೊತ್ತೇ ಇದೆ, ನಿಧಾನವಾಗಿ ಓದು.

ಜನವರಿಯಲ್ಲಿ ಹಡಗು ಹತ್ತುವ ಮುಂಚೆ ನೀನು ಹೇಳಿದ ಮಾತು ನನಗೆ ಚಾಚೂ ತಪ್ಪದೆ ನೆನಪಿದೆ. "ಅಪ್ಪಾ, ವಿಜ್ಞಾನದಲ್ಲಿ ಅಂಕ ಇಳಿದಿದೆ. ಪರೀಕ್ಷೆ ಮುಗಿಯೋವರೆಗೆ ಬ್ಯಾಲೆ ಬೇಡ. ಅಂಕ ಏರಿದ್ರೆ ಮುಂದಿನದು ನೋಡೋಣ, ಇಲ್ಲಾಂದ್ರೆ ಅದು ಅಲ್ಲಿಗೇ ಮುಗೀತು. ಶೂನ ಕಪಾಟಲ್ಲಿಟ್ಟು ಬೀಗ ಹಾಕಿ, ಕೀ ನಿಮ್ಮ ಹತ್ರಾನೇ ಇರಲಿ." ಆ ಶೂ ಯಾವುದೋ ಬಂದರಿನಲ್ಲಿ ಅಂಗಡಿ ಅಂಗಡಿ ಅಲೆದು ನೀನೇ ತಂದುಕೊಟ್ಟಿದ್ದು. ಆದರೂ ನಾನು ಎದುರು ಮಾತಾಡಲಿಲ್ಲ. ಓದಿ ಓದಿಯೇ ನೀನು ಆ ಇಂಜಿನ್ ರೂಮಿಗೆ ತಲುಪಿದವಳು, ಮಗಳಿಗೂ ಒಂದು ಗಟ್ಟಿ ನೆಲ ಇರಲಿ ಎಂದು ಯಾವ ತಾಯಿಗೆ ಅನಿಸುವುದಿಲ್ಲ ಹೇಳು. ಬೀಗ ಹಾಕಿ ಕೀಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟೆ. ಬುಗುರಿ ಅತ್ತು ರಂಪ ಮಾಡುತ್ತಾಳೆ, ಊಟ ಬಿಡುತ್ತಾಳೆ ಎಂದುಕೊಂಡಿದ್ದೆ. "ಸರಿ ಅಜ್ಜ" ಎಂದಳು, ಅಷ್ಟೇ. ನನ್ನ ತಲೆಗೆ ಹುಳ ಹೊಕ್ಕಿದ್ದೇ ಅಲ್ಲಿ. ಯಾರಾದರೂ ಅಷ್ಟು ಸಲೀಸಾಗಿ ಸರಿ ಅಂದರೆ ನನಗೆ ತಡೆಯಲಾಗುವುದಿಲ್ಲ. ನಿನ್ನ ಅಮ್ಮ ಇದ್ದಿದ್ದರೆ "ನಿಮ್ಮ ಮೂಗನ್ನ ಸ್ವಲ್ಪ ಮುಖದ ಮೇಲೇ ಇಟ್ಕೊಳ್ಳಿ" ಎನ್ನುತ್ತಿದ್ದಳು.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವಳ ಕೈ. ಚಹಾ ಕುಡಿಯುವಾಗ ಎರಡೂ ಅಂಗೈಗಳನ್ನು ಮೇಜಿನಂಚಿಗೆ ಚಪ್ಪಟೆಯಾಗಿ ಇಟ್ಟುಕೊಂಡಿದ್ದಳು. ಒಂದು ಮೆಲ್ಲಗೆ ಮುಂದಕ್ಕೆ ಸರಿಯಿತು, ಇನ್ನೊಂದು ಅದರ ಹಿಂದೆ ಬಂದು ಅಡ್ಡ ನಿಂತಿತು, ಆಮೇಲೆ ಎರಡೂ ಬೆರಳ ತುದಿಯ ಮೇಲೆ ಎದ್ದು ಗಿರ್ರನೆ ತಿರುಗಿ ಕೆಳಗಿಳಿದವು. ಏನೇ ಅದು ಎಂದು ಕೇಳಿದರೆ "ಏನಿಲ್ಲ ಅಜ್ಜ" ಎಂದು ಕೈಯನ್ನು ಜೇಬಿಗಿಳಿಸಿದಳು. ಜೇಬು ಅಲ್ಲಾಡತೊಡಗಿತು! ಬಸ್ಸಿನಲ್ಲಿ ಅದೇ, ಟಿವಿ ಮುಂದೆ ಅದೇ, ಪುಸ್ತಕ ತೆರೆದು ಕೂತಾಗ ಮೇಜಿನ ಕೆಳಗೂ ಅದೇ. ನಾನೋ, ಜೀವಮಾನವೆಲ್ಲ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಹಗಲು ಬಾವುಟ, ಇರುಳು ಲಾಂದ್ರ ಆಡಿಸಿದವನು. ಕೈಯೊಂದು ಆಡಿದರೆ ಅದು ಯಾರಿಗೋ ಏನನ್ನೋ ಹೇಳುತ್ತಿದೆ ಎಂದೇ ನನ್ನ ಲೆಕ್ಕ. ಅವಳಿಗೆ ಗೊತ್ತಾಗದ ಹಾಗೆ ಪೇಪರಿನ ಮರೆಯಿಂದ ನೋಡಿ ನೋಡಿ ಒಂದು ಅರ್ಥ ಕಟ್ಟಿದೆ. ಎಡಗೈ ಮುಂದೆ ಬಂದರೆ ಹೌದು, ಬಲಗೈ ಅಡ್ಡ ಬಂದರೆ ಅಲ್ಲ, ತುದಿಬೆರಳ ಮೇಲೆ ಎದ್ದರೆ ಸ್ವಲ್ಪ ತಾಳು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಹೋದ ಸೋಮವಾರ ಶಾಲೆಯಿಂದ ಕರೆ ಬಂತು. ಅಳಿಯಂದಿರು ಅರೆನಿದ್ದೆಯಲ್ಲಿ "ನೀವೇ ಹೋಗ್ಬನ್ನಿ ಮಾವ, ನಾನು ಹೋದ್ರೆ ಅಲ್ಲೇ ನಿದ್ದೆ ಮಾಡಿಬಿಡ್ತೀನಿ" ಎಂದರು. ನಾನೇ ಹೋದೆ. ಹೆಡ್‌ಮೇಡಂ ಕೋಣೆಯಲ್ಲಿ ವಿಜ್ಞಾನದ ಮೇಡಂ ಕೂತಿದ್ದರು, ಬುಗುರಿ ಮೂಲೆಯ ಕುರ್ಚಿಯಲ್ಲಿದ್ದಳು. ವಿಷಯ ಇಷ್ಟು: ವಿಜ್ಞಾನದ ವಾರ್ಷಿಕ ಪರೀಕ್ಷೆಯಲ್ಲಿ ನಮ್ಮವಳು ಡೆಸ್ಕಿನ ಕೆಳಗೆ ಕೈಸನ್ನೆ ಮಾಡುತ್ತಿದ್ದಳಂತೆ. ಪಕ್ಕದ ಸಾಲಿನ ಎರಡು ಜಡೆಯ ಹುಡುಗಿಯ ಉತ್ತರಗಳೂ ಇವಳ ಉತ್ತರಗಳೂ ಕೆಲವು ಕಡೆ ಒಂದೇ ಥರ ಇವೆಯಂತೆ. ನಕಲು ಅಂತ ಖಾತ್ರಿಯಾದರೆ ಪತ್ರಿಕೆ ರದ್ದು, ಬುಗುರಿ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕು. ವಿಜ್ಞಾನದ ಮೇಡಂ ಎದ್ದು, ಹೀಗೆ ಹೀಗೆ ಮಾಡುತ್ತಿದ್ದಳು ಎಂದು ತಮ್ಮ ಕೈಯಲ್ಲೇ ತೋರಿಸಿದರು. ಅಯ್ಯೋ ಮಗಳೇ, ನಾನು ಬಾಯಿ ಮುಚ್ಚಿಕೊಂಡಿರಬೇಕಾದ ಹೊತ್ತು ಅದು! ಮುಚ್ಚಿಕೊಂಡೆನೇ? ಎದೆಯುಬ್ಬಿಸಿ ಹೇಳಿದೆ: "ಮೇಡಂ, ನಾನು ಸಿಗ್ನಲ್ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡವನು. ಇದು ಸಿಗ್ನಲ್ಲೇ. ಎಡಗೈ ಬಂದ್ರೆ ಹೌದು, ಬಲಗೈ ಬಂದ್ರೆ ಅಲ್ಲ."

ವಿಜ್ಞಾನದ ಮೇಡಂ ಹುಬ್ಬೇರಿಸಿ ಹೆಡ್‌ಮೇಡಂ ಕಡೆ ನೋಡಿದರು. ಬುಗುರಿ ನನ್ನ ಮುಖವನ್ನೇ ನೋಡುತ್ತಾ "ಅಜ್ಜಾ..." ಎಂದಳು. ಬಿಡಿಸಿಕೊಂಡು ಬರಲು ಹೋದವನು ಮೊಮ್ಮಗಳ ವಿರುದ್ಧ ಸಾಕ್ಷಿ ಹೇಳಿದ್ದೆ. ಇಂಗು ತಿಂದ ಮಂಗನ ಹಾಗೆ ನಿಂತುಬಿಟ್ಟೆ. ಹೆಡ್‌ಮೇಡಂ ಒಳ್ಳೆಯ ಹೆಂಗಸು, ದುಡುಕಲಿಲ್ಲ. "ಶುಕ್ರವಾರ ಮತ್ತೆ ಬನ್ನಿ. ಅಷ್ಟರೊಳಗೆ ಮಗು ಹತ್ರ ಸಮಾಧಾನವಾಗಿ ಮಾತಾಡಿ" ಎಂದರು.

ಮಾತಾಡಿದೆ. ದಾರಿಯುದ್ದಕ್ಕೂ ಮಾತಾಡಿದೆ, ಮನೆಗೆ ಬಂದ ಮೇಲೂ ಮಾತಾಡಿದೆ. "ನಾನು ಯಾರಿಗೂ ಏನೂ ಹೇಳ್ಕೊಟ್ಟಿಲ್ಲ. ಅದೇನು ಅಂತ ಹೇಳಿದ್ರೆ ಅಮ್ಮ ಬೇಜಾರು ಮಾಡ್ಕೋತಾರೆ" ಎಂದು ಕಂಬಳಿ ಹೊದ್ದು ಮಲಗಿಬಿಟ್ಟಳು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಕಂಬಳಿಯೊಳಗೂ ಕೈ ಆಡುತ್ತಿತ್ತು. ಕಣ್ಣಲ್ಲಿ ನೀರೂ ಇತ್ತು. ಆದರೂ ಈ ಪತ್ತೇದಾರಿ ಬುದ್ಧಿ ಬಿಡಬೇಕಲ್ಲ! ಎರಡು ಜಡೆಯ ಹುಡುಗಿಯೂ ಬ್ಯಾಲೆ ಕ್ಲಾಸಿನವಳೇ ಇರಬೇಕು, ಸಂಕೇತ ಅಲ್ಲೇ ಹುಟ್ಟಿರಬೇಕು ಎಂದು ಊಹಿಸಿ ಬುಧವಾರ ಅಲ್ಲಿಗೇ ಹೊರಟೆ.

ಬ್ಯಾಲೆ ಕಲಿಸುವ ಹಾಲ್ ಇರುವುದು ಕುರ್ಚಿ ಮೇಜು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಮಂಡಿ ಬೈಯದ ಬೈಗುಳವಿಲ್ಲ. ಹೊರಕೋಣೆಯಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ಹುಡುಗಿಯರು ಕಾಲುಗಳನ್ನು ಬಿಚ್ಚಿದ ಕತ್ತರಿಯಂತೆ ಆಚೆ ಈಚೆ ಚಾಚಿ ನೆಲಕ್ಕೆ ಕೂತು, ನಡುವೆ ಪುಸ್ತಕ ಹರಡಿಕೊಂಡು ಮನೆಪಾಠ ಬರೆಯುತ್ತಿದ್ದರು. ಒಬ್ಬಳಂತೂ ಒಂದು ಕಾಲನ್ನು ಗೋಡೆಗುಂಟ ತನ್ನ ಕಿವಿಯ ಪಕ್ಕಕ್ಕೇ ಏರಿಸಿಕೊಂಡು ಭೂಗೋಳ ಉರುಹೊಡೆಯುತ್ತಿದ್ದಳು. ನೋವಾಗಲ್ವೇನಮ್ಮ ಎಂದರೆ "ಭೂಗೋಳಾನಾ?" ಎಂದಳು ಪುಣ್ಯಾತ್ಗಿತ್ತಿ. ಮನೆಪಾಠ ಮುಗಿಸದವರು ಒಳಗೆ ಹೋಗಿ ಗೋಡೆಯ ಕಂಬಿ ಹಿಡಿದು ಅಭ್ಯಾಸ ಮಾಡುವಂತಿಲ್ಲ ಎಂಬುದು ಅಲ್ಲಿಯ ನಿಯಮವಂತೆ. ಆಗ ನನಗೆ ಹೊಳೆಯಿತು, ಬ್ಯಾಲೆ ಇದ್ದ ದಿನಗಳಲ್ಲಿ ಬುಗುರಿ ಮನೆಗೆ ಬರುವಾಗಲೇ ಪಾಠ ಮುಗಿದಿರುತ್ತಿತ್ತು. ಈಗ ಸಂಜೆಯೆಲ್ಲ ಖಾಲಿ, ಆದರೂ ರಾತ್ರಿ ಊಟಕ್ಕೆ ಕರೆಯುವಾಗ ಅದೇ ಪುಟ ತೆರೆದಿರುತ್ತದೆ.

ಬಾಗಿಲ ಸಂದಿಯಿಂದ ಒಳಗೆ ಇಣುಕಿದೆ. ಬ್ಯಾಲೆ ಮೇಡಂ, ಬಿಳಿ ತಲೆಯ ನೆಟ್ಟನೆ ಹೆಂಗಸು, ಹೊಸ ಹೆಜ್ಜೆಗಳನ್ನು ಬಾಯಲ್ಲಿ ಹೇಳುತ್ತಿದ್ದರು. ಸಂಗೀತ ಇನ್ನೂ ಶುರುವಾಗಿರಲಿಲ್ಲ. ಮಕ್ಕಳೆಲ್ಲ ನಿಂತಲ್ಲೇ ನಿಂತಿದ್ದರು, ಕಾಲು ಕದಲುತ್ತಿರಲಿಲ್ಲ, ಅವರ ಕೈಗಳು ಮಾತ್ರ ಎದೆಯ ಮುಂದೆ ಆಡುತ್ತಿದ್ದವು. ಒಂದು ಅಂಗೈ ಮುಂದೆ, ಇನ್ನೊಂದು ಅಡ್ಡ, ಎದ್ದು, ತಿರುಗಿ, ಇಳಿದು. ನಮ್ಮ ಮೇಜಿನ ಮೇಲೆ ನಡೆಯುತ್ತಿದ್ದದ್ದೇ! ಮೂಲೆಯ ಬೆಂಚಿನ ಮೇಲೆ ಪಾದಕ್ಕೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬಳಿದ್ದಳು. ಸಂಗೀತ ಶುರುವಾಗಿ ಉಳಿದವರೆಲ್ಲ ಕುಣಿದಾಗ ಅವಳು ತೊಡೆಯ ಮೇಲೆ ಕೈಯಿಟ್ಟುಕೊಂಡು ಇಡೀ ಪಾಠವನ್ನು ಬೆರಳಲ್ಲೇ ಕುಣಿದು ಮುಗಿಸಿದಳು. ಎರಡು ಜಡೆಯ ಹುಡುಗಿ ಅಲ್ಲಿ ಇರಲೇ ಇಲ್ಲ. ಮೇಡಂ ಬಳಿ ಕೇಳಿದೆ. "ಕೈಯಲ್ಲಿ ಹೆಜ್ಜೆ ಹಾಕ್ಕೊಳ್ಳೋದು ಯಜಮಾನ್ರೇ. ಅಂಗೈ ಅಂದ್ರೆ ಪಾದ. ಕಾಲಿಗೆ ಪೆಟ್ಟಾದವರು, ಕ್ಲಾಸಿಗೆ ಬರೋಕಾಗ್ದೇ ಇರೋರು ಹೀಗೇ ಮಾಡ್ಕೊಂಡಿರ್ತಾರೆ, ಇಲ್ಲಾಂದ್ರೆ ಮರ್ತುಹೋಗುತ್ತೆ. ನಿಮ್ಮ ಬುಗುರಿನೂ ಮಾಡ್ತಿದ್ದಾಳಾ?" ಎಂದು ಅವರು ನನ್ನನ್ನೇ ಕೇಳಿದರು. ನಾನು ಹೋಗಿ ಆ ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನ ಹೌದು ಒಂದು ಹೆಜ್ಜೆ, ನನ್ನ ಅಲ್ಲ ಇನ್ನೊಂದು ಹೆಜ್ಜೆ. ನಾವು ಶೂಗೆ ಬೀಗ ಹಾಕಿದ್ದೆವು, ಮಗು ಅಷ್ಟೂ ದಿನ ಕೈಯಲ್ಲಿ ಕುಣಿಯುತ್ತಲೇ ಇತ್ತು.

ಶುಕ್ರವಾರ ಬ್ಯಾಲೆ ಮೇಡಂ ನನ್ನ ಜೊತೆ ಶಾಲೆಗೆ ಬಂದರು. ಬುಗುರಿಯನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಅವಳಿಗೆ ಕಾಣದ ಹಾಗೆ ಹಿಂದೆ ನಿಂತು, ಫೋನಿನಲ್ಲಿ ಸಂಗೀತ ಹಾಕಿದರು. ಎರಡು ಜೊತೆ ಕೈಗಳು ಒಂದೇ ತಾಳಕ್ಕೆ ಎದ್ದವು, ಒಂದೇ ತಾಳಕ್ಕೆ ತಿರುಗಿದವು. ಒಂದು ಕಡೆ ಬುಗುರಿ ತಪ್ಪಿದಳು, ತಪ್ಪಿದ್ದು ತಿಳಿದು ತಾನೇ ನಾಲಿಗೆ ಕಚ್ಚಿಕೊಂಡಳು. ಹೆಡ್‌ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪರೀಕ್ಷೆಯಲ್ಲಿ ಯಾಕೆ ಪುಟ್ಟಾ ಎಂದು ವಿಜ್ಞಾನದ ಮೇಡಂ ಕೇಳಿದ್ದಕ್ಕೆ "ಬರೆದು ಮುಗಿದಿತ್ತು, ಟೈಮ್ ಉಳಿದಿತ್ತು ಮೇಡಂ. ಶೂ ಮುಟ್ಟಬೇಡ ಅಂದಿದ್ರು ಅಮ್ಮ. ನಾನು ಮುಟ್ಟಿಲ್ಲ" ಎಂದಳು. ಉಳಿದವರ ಪತ್ರಿಕೆಗಳನ್ನೂ ತೆಗೆದು ನೋಡಿದರೆ ಅರ್ಧ ತರಗತಿ ಅವೇ ಸಾಲುಗಳನ್ನು ಪುಸ್ತಕದಿಂದ ಬಾಯಿಪಾಠ ಮಾಡಿ ಬರೆದಿತ್ತು. ವಿಜ್ಞಾನದ ಮೇಡಂ ನಕ್ಕುಬಿಟ್ಟರು. "ಪರೀಕ್ಷೆ ಹಾಲಲ್ಲಿ ಮಾತ್ರ ನಿನ್ನ ಕೈಗೆ ರಜಾ ಕೊಡು ಮಾರಾಯ್ತಿ" ಎಂದರು. ಪತ್ರಿಕೆ ಉಳಿಯಿತು, ಪಾಸೂ ಆದಳು.

ಆದರೆ ನಿನಗೆ ಮುಚ್ಚುಮರೆ ಮಾಡುವುದಿಲ್ಲ. ಅಂಕ ಏರಿಲ್ಲ. ಹಿಂದೆ ಎಷ್ಟಿತ್ತೋ ಅಷ್ಟೇ, ಕೂದಲೆಳೆಯಷ್ಟು ಕಡಿಮೆಯೇ ಅನ್ನು. ನಿನ್ನ ಮಾತಿನ ಪ್ರಕಾರ ಬ್ಯಾಲೆ ಅಲ್ಲಿಗೇ ಮುಗಿಯಬೇಕು. ಹೊರಡುವಾಗ ಹೆಡ್‌ಮೇಡಂ ಒಂದು ಮಾತು ಕೇಳಿದರು: "ನಿಲ್ಲಿಸಿದ್ರಿಂದ ಏನು ಸಿಕ್ತು?" ಆ ಪ್ರಶ್ನೆಯನ್ನು ಹಾಗೇ ನಿನಗೆ ದಾಟಿಸುತ್ತಿದ್ದೇನೆ. ಅವಳು ದೊಡ್ಡ ನರ್ತಕಿ ಆಗುತ್ತಾಳೋ ಇಲ್ಲವೋ ಯಾರಿಗೆ ಗೊತ್ತು? ಬ್ಯಾಲೆ ಮೇಡಂ ಬಳಿಯೂ ಕೇಳಿದೆ, "ನಂಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ, ನೋಡೋಣ" ಎಂದರು. ತಿಂಗಳ ಕೊನೆಯವರೆಗೆ ಅವಳ ಜಾಗ ಬೇರೆಯವರಿಗೆ ಕೊಡುವುದಿಲ್ಲವಂತೆ. ನನ್ನ ಕೋರಿಕೆ ಇಷ್ಟೇ. ಕ್ಲಾಸಿಗೆ ಕಳಿಸು. ಕ್ಲಾಸಿನ ದಿನ ನಾನೂ ಜೊತೆಗೆ ಹೋಗಿ ಆ ಹೊರಕೋಣೆಯಲ್ಲಿ ಕೂತು ವಿಜ್ಞಾನ ಓದಿಸುತ್ತೇನೆ. ಈಗಾಗಲೇ ರಕ್ತ ಪರಿಚಲನೆಯ ಪಾಠ ನಾನೇ ಓದಿಕೊಂಡೆ. ಹೃದಯದಲ್ಲಿ ನಾಲ್ಕು ಕೋಣೆ, ಬಾಗಿಲು ಬೇರೆ, ಬಂದ ರಕ್ತ ಹಿಂದಕ್ಕೆ ಹೋಗದ ಹಾಗೆ ಒಳ್ಳೇ ಸಿಗ್ನಲ್ ವ್ಯವಸ್ಥೆ. ಇಷ್ಟು ವರ್ಷ ಯಾರೂ ನನಗೆ ಹೇಳಿಯೇ ಇರಲಿಲ್ಲ ನೋಡು! ನೀನು ಹ್ಞೂಂ ಅನ್ನುವವರೆಗೆ ಕೀ ಕನ್ನಡಕದ ಡಬ್ಬಿಯಲ್ಲೇ ಇರುತ್ತದೆ. ನಿನ್ನ ಮಾತು ಮೀರುವವನಲ್ಲ ನಾನು.

ಬೆನ್ನಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ಇಂಜಿನ್ನು ನಿನ್ನ ಮಾತು ಕೇಳಲಿ, ಸಮುದ್ರ ಶಾಂತವಾಗಿರಲಿ, ಎಲ್ಲಿದ್ದರೂ ನನ್ನ ಮಗಳು ಸುಖವಾಗಿರಲಿ.

ನಿನ್ನ ಅಧಿಕಪ್ರಸಂಗಿ
ಅಪ್ಪ

ತಾ.ಕ.: ಸೋಮವಾರ ಬೆಳಗ್ಗೆ, ಅಂಚೆ ಕಚೇರಿಗೆ ಹೊರಟವನು ಲಕೋಟೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ನಿನ್ನೆ ಸಂಜೆಯೇ ಬೀಗ ತೆಗೆದುಬಿಟ್ಟೆ. ಅವಳು ಕೇಳಲಿಲ್ಲ ಮಗಳೇ, ಕೇಳಿದ್ದರೆ ಗದರಿಸಿ ಸುಮ್ಮನಿರುತ್ತಿದ್ದೆ. ಕಪಾಟಿನ ಮುಂದೆ ಹಾದುಹೋಗುವಾಗ ಒಂದು ಸಲ ಬಾಗಿಲು ಸವರಿ ಹೋದಳು, ಅಷ್ಟೇ. ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನಲ್ಲ. ಆದರೆ ಶೂ ಕಾಲಿಗೆ ಹೋಗುತ್ತಿಲ್ಲ! ನಾವು ಬೀಗ ಹಾಕಿಟ್ಟ ಈ ಎರಡು ತಿಂಗಳಲ್ಲಿ ಪಾದ ಬೆಳೆದುಬಿಟ್ಟಿದೆ. "ಅಜ್ಜಾ, ಕಪಾಟಲ್ಲಿ ಶೂ ಚಿಕ್ಕದಾಗೋಗಿದೆ" ಎಂದು ನಕ್ಕಳು, ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಇವತ್ತಿನ ಕ್ಲಾಸಿಗೆ ಕಾಲುಚೀಲದಲ್ಲೇ ಹೋಗುತ್ತಾಳೆ. ಹೊಸದನ್ನು ನಾನು ಇಲ್ಲೇ ಕೊಡಿಸಬಲ್ಲೆ, ಅವಳು ಬೇಡ ಎಂದಳು, "ಅಮ್ಮಾನೇ ತರಲಿ" ಎಂದಳು. ಈ ಹಾಳೆಯ ಹಿಂದೆ ಅವಳ ಪಾದವಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ನಿನ್ನ ಅಂಗೈಯನ್ನು ಅದರ ಮೇಲಿಟ್ಟು ನೋಡು, ಎಷ್ಟು ಉದ್ದವಾಗಿದ್ದಾಳೆಂದು ಗೊತ್ತಾಗುತ್ತದೆ. ಹೆಬ್ಬೆರಳಿನ ಹತ್ತಿರ ಕಚಗುಳಿಯಾಗಿ ಕಾಲು ಎಳೆದುಕೊಂಡಳು, ಅಲ್ಲಿ ಗೆರೆ ಸೊಟ್ಟಗಾಗಿದೆ, ಶೂ ಕೊಳ್ಳುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬೇಡ.