ಪಥ್ಯ ತಪ್ಪಿದವಳು

ಮಿಯಾಪುರ, ಹೈದರಾಬಾದ್
೧೪ ನವೆಂಬರ್ ೨೦೦೬, ಮಂಗಳವಾರ

ಭಾಗ್ಯಶ್ರೀಯ ಅಪ್ಪನವರಿಗೆ ಗದಿಗೆಮ್ಮ ಮಾಡುವ ಶರಣು ಶರಣಾರ್ಥಿ.

ನಿಮ್ಮ ಆರೋಗ್ಯ ಹೇಗಿದೆ? ಸಿಂಧನೂರಿನಲ್ಲಿ ಬೆಳಗಿನ ಚಳಿ ಶುರುವಾಗಿರಬೇಕು. ಕಿವಿಗೆ ಮಫ್ಲರ್ ಸುತ್ತಿಕೊಳ್ಳದೆ ಹೊರಗೆ ಹೋಗಬೇಡಿ, ನಿಮಗೆ ನೆಗಡಿ ಹಿಡಿಯುವುದೇ ಕಿವಿಯಿಂದ. ಅಣ್ಣ ಬಂದಿದ್ದಾನೆಂದು ನಿಮ್ಮ ತಂಗಿ ಸುಗಲಮ್ಮ ದಿನಾ ಎಣ್ಣೆಗಾಯಿ, ಮಿರ್ಚಿಬಜ್ಜಿ ಮಾಡಿ ಬಡಿಸುತ್ತಿರುತ್ತಾಳೆ. ಊರಿಗೆಲ್ಲ ಪಥ್ಯ ಹೇಳುವ ನಿಮಗೆ ತಂಗಿಯ ಮನೆಯಲ್ಲಿ ಮಾತ್ರ ಬೇಡ ಎನ್ನಲು ಬಾಯಿ ಬರುವುದಿಲ್ಲ. ಉಂಡ ಮೇಲೆ ಒಂದು ಚಿಟಿಕೆ ಅಜವಾನ ಬಾಯಿಗೆ ಹಾಕಿಕೊಳ್ಳಿ. ಈ ಪತ್ರವನ್ನು ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಬೇಡಿ, ಆ ಚಟ ನಿಮಗಿದೆ. ಒಬ್ಬರೇ ಓದಿಕೊಳ್ಳಿ. ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದಳು ಎನ್ನುತ್ತೀರೇನೋ. ಭಾಗ್ಯಾ ಫೋನ್ ಮಾಡಲು ಎದ್ದಾಗೆಲ್ಲ ನಾನೇ ತಡೆದೆ. ಫೋನಿನಲ್ಲಾದರೆ ಮೊದಲು ನೀವು ಮಾತಾಡುತ್ತೀರಿ, ನಿಮ್ಮ ಮೊದಲ ಮಾತು ‘ಏನ್ ತಿಂದಿ?’ ಎಂದೇ ಇರುತ್ತದೆ. ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ. ನಾನು ಆಸ್ಪತ್ರೆಗೆ ಹೋಗಿ ಬಂದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ಇಲ್ಲಿ ನೀವಿಲ್ಲದೆ ಅಪಾರ್ಟ್‌ಮೆಂಟಿನ ಗಾರ್ಡನ್ ಬೆಂಚು ಖಾಲಿ ಹೊಡೆಯುತ್ತಿದೆ. ಸಂಜೆಯಾದರೆ ಮಕ್ಕಳು ಬಂದು ‘ಆಂಟೀ, ಅಂಕಲ್ ಎಪ್ಪುಡು ವಸ್ತಾರು?’ ಎಂದು ಕೇಳುತ್ತಾರೆ, ಯಾವಾಗ ಬರುತ್ತಾರೆ ಎಂದು. ನೀವು ಫ್ಯಾಕ್ಟರಿಯಿಂದ ರಿಟೈರ್ ಆಗಿ ಈ ಫ್ಲ್ಯಾಟಿಗೆ ಬಂದಾಗ ಸುತ್ತ ಬರೀ ಬಂಡೆ, ಮುಳ್ಳುಕಂಟಿ. ನೋಡನೋಡುತ್ತಿದ್ದಂತೆ ಕೊಂಡಾಪುರದಲ್ಲಿ ಗಾಜಿನ ಆಫೀಸುಗಳು ಎದ್ದವು, ಇಲ್ಲಿ ಪ್ರತಿ ಫ್ಲ್ಯಾಟಿನಲ್ಲೂ ನಾಲ್ಕು ನಾಲ್ಕು ಹುಡುಗರು ತುಂಬಿಕೊಂಡರು. ಹೊತ್ತಲ್ಲದ ಹೊತ್ತಿನಲ್ಲಿ ಬಿರಿಯಾನಿ ತಿನ್ನುವವರು, ಬೆಳಗಾದ ಮೇಲೆ ಮಲಗುವವರು. ಒಬ್ಬನಿಗೆ ಹೊಟ್ಟೆಯುರಿ, ಒಬ್ಬನಿಗೆ ಸೊಂಟನೋವು, ಒಬ್ಬಳಿಗೆ ಕೂದಲು ಉದುರುವುದು. ನೀವು ಬೆಂಚಿನ ಮೇಲೆ ಕೂತು ಅರ್ಧ ಹಿಂದಿ, ಅರ್ಧ ತೆಲುಗಿನಲ್ಲಿ ಹೇಳಿದ್ದನ್ನು ಅವರು ಸ್ವಾಮಿಗಳ ಪ್ರವಚನದಂತೆ ಕೇಳಿದರು. ಸುಳ್ಳು ಹೇಳಲಾರೆ, ಬಹಳ ಜನಕ್ಕೆ ಗುಣವಾಯಿತು. ಕೆಮ್ಮಿಗೆ ಶುಂಠಿರಸ ಜೇನು, ಅಜೀರ್ಣಕ್ಕೆ ಇಂಗು ಹಾಕಿದ ಮಜ್ಜಿಗೆ, ನಿದ್ದೆಗೆ ಅಂಗಾಲಿಗೆ ಎಣ್ಣೆ. ಇವು ನಮ್ಮ ಅವ್ವಂದಿರು ಮಾಡಿದವೇ, ನಾನೂ ನಂಬಿದವಳೇ, ಇವತ್ತಿಗೂ ನೆಗಡಿಯಾದರೆ ಮಾತ್ರೆ ಹುಡುಕುವವಳಲ್ಲ. ಆದರೆ ಬೆಂಚಿನ ಮೇಲೆ ಮಾತು ನಿಮ್ಮದು, ಒಲೆಯ ಮುಂದೆ ಕುದಿಸಿದವಳು ನಾನು. ಧನಿಯಾ ಜೀರಿಗೆ ಹುರಿದು ಕುಟ್ಟಿ ಶೋಧಿಸಿ ಬಾಟಲಿಗೆ ತುಂಬಿ ಕೆಳಗೆ ತಂದುಕೊಟ್ಟವಳು ನಾನು. ಯಾರಾದರೂ ಕೊಂಡಾಡಿದರೆ ನೀವು ನನ್ನತ್ತ ನೋಡುತ್ತಲೂ ಇರಲಿಲ್ಲ. ಆಗ ಅದೇನೂ ನನಗೆ ದೊಡ್ಡದಾಗಿ ಕಂಡಿರಲಿಲ್ಲ.

ಹೋದ ವರ್ಷ ಯುಗಾದಿಯ ಮುಂಚೆ ನನ್ನದು ಶುರುವಾಯಿತು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೆ ಯಾವ ಹೆಂಗಸಿಗೆ ಹೆದರಿಕೆಯಾಗುವುದಿಲ್ಲ? ಅಡುಗೆಮನೆಯಲ್ಲಿ ಬಾಗಿಲು ಮರೆ ಮಾಡಿಕೊಂಡು ನಿಮಗೆ ಹೇಳಿದೆ, ಒಮ್ಮೆ ಡಾಕ್ಟರಮ್ಮನಿಗೆ ತೋರಿಸಿಕೊಂಡು ಬರಲೇ ಎಂದು ಕೇಳಿದೆ. ‘ಉಷ್ಣ ಆಗೈತಿ, ಬ್ಯಾರೆ ಏನಿಲ್ಲ. ದವಾಖಾನಿಗೆ ಹೋದ್ರ ಕೊಯ್ಯೂದೊಂದ ಗೊತ್ತು ಅವರಿಗೆ. ನಮ್ಮ ಮನಿಗೆ ಇಂಗ್ಲಿಷ್ ಗುಳಿಗಿ ಬಂದು ಎಷ್ಟು ವರ್ಷ ಆತು ಹೇಳು?’ ಎಂದಿರಿ. ಆ ಮಾತಿನಲ್ಲಿ ನಿಮಗೆ ಎಷ್ಟು ಹೆಮ್ಮೆಯಿತ್ತು ಎಂದು ನನಗೆ ಗೊತ್ತಿತ್ತು. ಭಾಗ್ಯಾಗೆ ಹೇಳಬೇಡ, ಹೊಸದಾಗಿ ಮದುವೆಯಾದ ಹುಡುಗಿ ಸುಮ್ಮನೆ ಗಾಬರಿಯಾದಾಳು ಎಂದೂ ಹೇಳಿದಿರಿ. ಅವಳ ಮನೆಯಿರುವ ಕೊಂಡಾಪುರ ಇಲ್ಲಿಗೆ ಹತ್ತಿರವೇ, ಆದರೂ ಹೆತ್ತ ಮಗಳಿಗೆ ನಾನು ಹೇಳಲಿಲ್ಲ.

ನೀವು ಮೋಸ ಮಾಡಿದಿರಿ ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಮೋಸಗಾರರಾಗಿದ್ದರೆ ಈ ಪತ್ರ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ನಸುಕಿನಲ್ಲಿ ಎದ್ದು ಕೆರೆಯ ಕಡೆ ನಡೆದುಹೋಗಿ ಗರಿಕೆ ತರುತ್ತಿದ್ದಿರಿ. ಬಾಲ್ಕನಿಯ ಕುಂಡದ ಲೋಳೆಸರವನ್ನು ನಿಮ್ಮ ಕೈಯಾರೆ ಸುಲಿದು ಬಟ್ಟಲಿಗೆ ಹಾಕಿ, ನಾನು ಕುಡಿಯುವವರೆಗೆ ಎದುರಿಗೇ ನಿಲ್ಲುತ್ತಿದ್ದಿರಿ. ಅಶೋಕದ ಚಕ್ಕೆಗಾಗಿ ಬೇಗಂ ಬಜಾರ್ ಅಲೆದಿರಿ. ಮದುವೆಯಾದಾಗಿನಿಂದ ನೀವು ನನ್ನನ್ನು ಅಷ್ಟು ನೋಡಿಕೊಂಡಿದ್ದೇ ಇಲ್ಲ. ಆ ಉಪಚಾರ ನನಗೆ ಇಷ್ಟವೂ ಆಗಿತ್ತು, ಇಲ್ಲವೆನ್ನುವುದಿಲ್ಲ.

ಕೆಟ್ಟದ್ದು ಪಥ್ಯ. ಖಾರ ಇಲ್ಲ, ಹುಳಿ ಇಲ್ಲ, ಎಳ್ಳು ಬೆಲ್ಲ ಇಲ್ಲ, ಬದನೆಕಾಯಿ ಇಲ್ಲ, ಶೇಂಗಾ ಇಲ್ಲ. ಲಿಂಗಸುಗೂರಿನಲ್ಲಿ ಹುಟ್ಟಿ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ ತಿಂದು ಬೆಳೆದವಳು ನಾನು, ಗಂಜಿ ಮಜ್ಜಿಗೆಯಲ್ಲಿ ದಿನ ಕಳೆದೆ. ಒಂದು ಮಂಡಲ, ನಲವತ್ತೆಂಟು ದಿನ, ತಪ್ಪದೆ ನಡೆದರೆ ಗುಣ ಎಂದಿರಿ. ಮಂಡಲ ಮುಗಿಯುವ ಮೊದಲೇ ಮತ್ತೆ ರಕ್ತ ಕಾಣಿಸಿತು. ‘ಏನ್ ತಿಂದಿ?’ ಎಂದು ಕೇಳಿದಿರಿ. ನಾನು ಕೂತು ನೆನಪು ಮಾಡಿಕೊಂಡೆ. ಪಕ್ಕದ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಒಂದು ಚಮಚ ಪುಳಿಹೋರ, ಅದೇ ಹುಣಸೆಹುಳಿಯ ಅನ್ನ, ಬಾಯಿಗೆ ಹಾಕಿಕೊಂಡಿದ್ದೆ. ‘ನೋಡು, ಪಥ್ಯ ತಪ್ಪಿತು. ಔಷಧ ಏನ್ ಮಾಡ್ತದ ಪಾಪ? ಮತ್ತ ಮೊದಲಿಂದ ಹಿಡಿ’ ಎಂದಿರಿ. ಮತ್ತೆ ಮೊದಲಿಂದ ಹಿಡಿದೆ. ಮತ್ತೆ ಕಂಡಿತು, ಮತ್ತೆ ಅದೇ ಪ್ರಶ್ನೆ. ಒಮ್ಮೆ ಹೋಳಿಗೆಯ ಚೂರು, ಒಮ್ಮೆ ಕಷಾಯದ ರುಚಿ ನೋಡುವಾಗ ನಾಲಿಗೆಗೆ ತಾಗಿದ ಮೆಣಸು. ಏನೂ ತಿಂದಿರದ ಸಲ, ಏನೂ ತಿಂದಿಲ್ಲ ಎಂದರೆ ನೀವು ನಂಬಲಿಲ್ಲ, ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಿ ನೋಡಿದಿರಿ. ನಿಮ್ಮ ಔಷಧ ಎಂದೂ ಸೋಲಲಿಲ್ಲ, ಸೋತದ್ದೆಲ್ಲ ನನ್ನ ನಾಲಿಗೆ. ಎಲ್ಲಕ್ಕಿಂತ ಸಂಕಟವೆಂದರೆ ನಾನೂ ಅದನ್ನು ನಂಬಿದೆ. ಒಂದು ಚಮಚ ಪುಳಿಹೋರಕ್ಕಾಗಿ ನನ್ನ ಮೈ ನಾನೇ ಕೆಡಿಸಿಕೊಂಡೆ ಎಂದು ದೇವರ ಮುಂದೆ ಕೂತು ಅತ್ತಿದ್ದೇನೆ.

ಈ ವರ್ಷದ ಬೇಸಿಗೆಯಲ್ಲಿ ಒಂದಷ್ಟು ದಿನ ರಕ್ತ ನಿಂತಿತು. ನಿಮ್ಮ ಸಂತೋಷಕ್ಕೆ ಮೇರೆಯೇ ಇರಲಿಲ್ಲ. ಒಂದು ಸಂಜೆ ನಾನು ಕಷಾಯದ ಫ್ಲಾಸ್ಕ್ ಹಿಡಿದು ಕೆಳಗೆ ಬಂದಾಗ ಬೆಂಚಿನ ಸುತ್ತ ಹತ್ತಾರು ಜನ, ನೀವು ನನ್ನ ಕಥೆಯನ್ನೇ ಹೇಳುತ್ತಿದ್ದಿರಿ. ಮೊದಲು ಹಿಂದಿಯಲ್ಲಿ, ಆಮೇಲೆ ನಮ್ಮ ಕಡೆಯವರಿಗೆಂದು ಕನ್ನಡದಲ್ಲಿ. ‘ನಮ್ಮ ಮನ್ಯಾಕಿನ್ನ ನೋಡ್ರಿ. ಒಂದ್ ಗುಳಿಗಿ ಇಲ್ಲ, ಒಂದ್ ಸೂಜಿ ಇಲ್ಲ, ಎಲ್ಲಾ ಬಂದ್ ಆತು!’ ಗಂಡು ಹುಡುಗರೆಲ್ಲ ತಿರುಗಿ ನನ್ನನ್ನು ನೋಡಿದರು. ಮಗಳಿಗೆ ಹೇಳಬಾರದ ವಿಷಯವನ್ನು ನೀವು ಗಾರ್ಡನ್ನಿಗೆ ಹೇಳಿದ್ದಿರಿ. ಅವತ್ತು ಬೆಳಿಗ್ಗೆಯಷ್ಟೇ ಮತ್ತೆ ಶುರುವಾಗಿತ್ತು, ನಿಮಗೆ ಇನ್ನೂ ಹೇಳಿರಲಿಲ್ಲ. ಸೀರೆಯೊಳಗೆ ಹಳೆಯ ಬಟ್ಟೆ ಮಡಚಿಟ್ಟುಕೊಂಡೇ ನಿಂತಿದ್ದೆ. ಏನು ಮಾಡಲಿ ಹೇಳಿ? ಎಲ್ಲರಿಗೂ ಕಪ್ಪಿನಲ್ಲಿ ಕಷಾಯ ಹಂಚಿ ಮೇಲೆ ಬಂದೆ. ಆ ದಿನದ ನಂತರ ನಿಮಗೆ ಹೇಳುವುದನ್ನೇ ಬಿಟ್ಟೆ. ನೀವೂ ಕೇಳಲಿಲ್ಲ. ಹೋದಲ್ಲೆಲ್ಲ ನನ್ನ ಹೆಸರು ಹೇಳಿ ಗುಣವಾದಳು ಎಂದು ಸಾರಿಕೊಂಡು ಬಂದಿರಿ, ಸಿಂಧನೂರಿನವರು ನಿಮ್ಮನ್ನು ಮನೆಮದ್ದಿನ ಶಿಬಿರಕ್ಕೆ ಕರೆದದ್ದೂ ಆ ಕಥೆ ಕೇಳಿಯೇ.

ದೀಪಾವಳಿ ಮುಗಿಸಿ ನೀವು ಬಸ್ಸು ಹತ್ತಿದ ವಾರ ಅಪೂರ್ವ ಬಂದಳು. ದಾವಣಗೆರೆ ಕಡೆಯ ಹುಡುಗಿ, ಕೊಂಡಾಪುರದ ಕಂಪನಿಯಲ್ಲಿ ಕೆಲಸ, ಹಾಸ್ಟೆಲ್ ಊಟದಿಂದ ಹೊಟ್ಟೆ ಕೆಡಿಸಿಕೊಂಡು ನಿಮ್ಮ ಹತ್ತಿರ ಬರುತ್ತಿದ್ದವಳು. ಕಷಾಯದ ಪುಡಿ ಕೇಳಲು ಬಂದವಳಿಗೆ ಬಾಗಿಲು ತೆಗೆದದ್ದಷ್ಟೇ ನನಗೆ ನೆನಪು. ಎಚ್ಚರವಾದಾಗ ಅಡುಗೆಮನೆಯ ನೆಲದ ಮೇಲಿದ್ದೆ, ಅವಳು ಅಳುತ್ತಾ ಭಾಗ್ಯಾಗೆ ಫೋನ್ ಮಾಡುತ್ತಿದ್ದಳು. ‘ಸೀರೆಯೆಲ್ಲ ರಕ್ತ ಅಕ್ಕಾ, ಬೇಗ ಬನ್ನಿ’ ಎಂಬ ಮಾತು ಕೇಳಿಸಿತು. ನನ್ನ ಮಗಳಿಗೆ ತಾಯಿಯ ಕಾಯಿಲೆ ಗೊತ್ತಾದದ್ದು ಹೀಗೆ. ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದರು. ಅಲ್ಲಿನ ಡಾಕ್ಟರಮ್ಮ ಎಷ್ಟು ದಿನದಿಂದ ಎಂದು ಕೇಳಿದರು, ಹೋದ ವರ್ಷದ ಯುಗಾದಿಯಿಂದ ಎಂದೆ. ‘ಇಂತಕಾಲಂ ಏಂ ಚೇಶಾರಮ್ಮಾ?’ ಎಂದರು, ಇಷ್ಟು ಕಾಲ ಏನು ಮಾಡಿದಿರಿ ಎಂದು. ‘ಪಥ್ಯಂ ಚೇಶಾನು’ ಎಂದೆ, ಪಥ್ಯ ಮಾಡಿದೆ ಎಂದು. ಆಕೆ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ರಕ್ತ ಬಹಳ ಕಡಿಮೆಯಾಗಿದೆ, ಮೊದಲು ರಕ್ತ ಏರಿಸಬೇಕು ಎಂದರು. ಬೆಂಚಿನ ಸುತ್ತ ಕೂರುತ್ತಿದ್ದ ಹುಡುಗರೇ ಬಂದು ಕೊಟ್ಟರು, ಅಷ್ಟು ಒಳ್ಳೆಯ ಮಕ್ಕಳು.

ಗರ್ಭಕೋಶದ ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರ ಫಲಿತಾಂಶ ಹೋದ ವಾರ ಬಂತು. ಗರ್ಭಕೋಶದ ಕ್ಯಾನ್ಸರ್. ಹೋದ ವರ್ಷವೇ ಬಂದಿದ್ದರೆ ಗರ್ಭಕೋಶ ತೆಗೆದು ಮನೆಗೆ ಕಳಿಸುವಷ್ಟರಲ್ಲಿ ಮುಗಿಯುತ್ತಿತ್ತು, ಈಗ ಹೊಟ್ಟೆ ತೆರೆದ ಮೇಲೆಯೇ ಎಲ್ಲಿಯವರೆಗೆ ಹರಡಿದೆ ಎಂದು ಹೇಳಬಹುದು ಎಂದರು. ಭಾಗ್ಯಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ‘ಗಾರ್ಡನ್‌ಗೆಲ್ಲ ಗೊತ್ತಿತ್ತು, ನನಗೊಬ್ಬಾಕಿಗೆ ಗೊತ್ತಿರಲಿಲ್ಲಲ್ಲಬೇ ಅವ್ವಾ’ ಎಂದಳು. ಆ ಸಂಜೆ ಅವಳ ಮನೆಯಲ್ಲಿ ಜೋಳದ ರೊಟ್ಟಿ ಮಾಡಿಸಿಕೊಂಡು, ಅಗಸಿ ಹಿಂಡಿಗೆ ಎಣ್ಣೆ ಹಾಕಿಸಿಕೊಂಡು ತಿಂದೆ. ಮರುದಿನ ಪುಂಡಿಪಲ್ಯ ತಿಂದೆ, ಬದನೆಕಾಯಿ ತಿಂದೆ, ಹಟಕ್ಕೆ ಬಿದ್ದವಳಂತೆ ನೀವು ಬೇಡವೆಂದದ್ದನ್ನೆಲ್ಲ ತಿಂದೆ. ಏನೂ ಆಗಲಿಲ್ಲ. ರಕ್ತ ಹೆಚ್ಚಲೂ ಇಲ್ಲ, ಕಡಿಮೆಯೂ ಆಗಲಿಲ್ಲ. ಅದಕ್ಕೂ ನನ್ನ ಊಟಕ್ಕೂ ಸಂಬಂಧವೇ ಇರಲಿಲ್ಲ. ಕ್ಯಾನ್ಸರ್ ಎಂದಾಗ ಅಳದವಳು ಆ ತಟ್ಟೆಯ ಮುಂದೆ ಅತ್ತೆ. ಆ ಪುಳಿಹೋರಕ್ಕೆ ಎಷ್ಟು ಬೈದುಕೊಂಡಿದ್ದೆ ನನ್ನನ್ನೇ!

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಹೊಟ್ಟೆಯಲ್ಲಿ ಬೆಂಕಿ ಇಟ್ಟಷ್ಟು ಸಿಟ್ಟಿದೆ. ಔಷಧ ತಪ್ಪಾದದ್ದಕ್ಕಲ್ಲ, ತಿಳಿಯದೆ ಯಾರಿಗಾದರೂ ತಪ್ಪಾದೀತು. ಗುಣವಾಗದಿದ್ದಾಗ ಒಂದು ಸಲವಾದರೂ ನಿಮ್ಮ ಕಷಾಯವನ್ನು ಅನುಮಾನಿಸಬಹುದಿತ್ತು, ನನ್ನನ್ನು ಅನುಮಾನಿಸಿದಿರಿ. ಇಷ್ಟು ವರ್ಷ ನಿಮ್ಮ ಜೊತೆ ಬಾಳಿದವಳು ಉಪ್ಪಿನಕಾಯಿ ಕದ್ದು ತಿನ್ನುತ್ತಾಳೆ ಎಂದು ಭರಣಿ ಇಳಿಸಿ ನೋಡಿದಿರಲ್ಲ, ಅದು ನನ್ನ ಎದೆಯಿಂದ ಇಳಿಯುತ್ತಿಲ್ಲ. ಬದುಕಿ ಉಳಿದರೂ ಇಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಚಳಿಯಲ್ಲಿ ತಣ್ಣೀರು ಸ್ನಾನದ ಹಟ ಬೇಡ. ನನಗೆ ಭಾರ ಎತ್ತಬಾರದೆಂದಿದ್ದಾರೆ, ಬಾಲ್ಕನಿಯ ಗಿಡಗಳಿಗೆ ಪಕ್ಕದ ಮನೆಯವರು ನೀರು ಹಾಕುತ್ತಿದ್ದಾರೆ. ಸುಗಲಮ್ಮನಿಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸಿ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ
ಗದಿಗೆಮ್ಮ

ತಾ.ಕ.: ಕೊರಿಯರ್ ಅಂಗಡಿ ಮುಚ್ಚುವ ಹೊತ್ತಾಯಿತೆಂದು ಅಪೂರ್ವ ಬಾಗಿಲಲ್ಲೇ ನಿಂತಿದ್ದಾಳೆ, ಅಕ್ಷರ ಸೊಟ್ಟಗಾದರೆ ಬೇಸರ ಮಾಡಿಕೊಳ್ಳಬೇಡಿ. ಬರುವ ಸೋಮವಾರ ಬೆಳಿಗ್ಗೆ ನನ್ನ ಆಪರೇಷನ್. ಭಾನುವಾರ ನಿಮ್ಮ ಶಿಬಿರದ ಕೊನೆಯ ದಿನ ಎಂದು ಸುಗಲಮ್ಮ ಹೇಳಿದ್ದಳು. ಕೊನೆಯ ದಿನ ಹೆಂಗಸರನ್ನು ಕೂಡಿಸಿಕೊಂಡು ನನ್ನ ಕಥೆ ಹೇಳುತ್ತೀರಿ, ನನಗೆ ಗೊತ್ತು. ಈ ಸಲ ಪೂರ್ತಿ ಹೇಳಿ. ಗುಣವಾಗಿರಲಿಲ್ಲ ಎಂದು ಹೇಳಿ, ಏನಾಗಿದೆ ಎಂದು ಹೆಸರು ಹಿಡಿದು ಹೇಳಿ, ಮುಟ್ಟು ನಿಂತ ಮೇಲೆ ರಕ್ತ ಕಂಡವರು ಇವತ್ತೇ ದವಾಖಾನೆಗೆ ಹೋಗಿ ಎಂದು ನಿಮ್ಮ ಬಾಯಿಂದಲೇ ಹೇಳಿ. ಅಷ್ಟು ಜನರಲ್ಲಿ ಒಬ್ಬಳಾದರೂ ನನ್ನಂಥವಳು ಬಾಯಿ ಮುಚ್ಚಿಕೊಂಡು ಕೂತಿರುತ್ತಾಳೆ, ಅವಳು ನಿಮ್ಮ ಮಾತು ಮಾತ್ರ ಕೇಳುತ್ತಾಳೆ. ಹೇಳಿದರೆ ಅವತ್ತಿನ ಬಸ್ಸಿಗೇ ಹೊರಟು ಬನ್ನಿ, ಒಳಗೆ ಕರೆದೊಯ್ಯುವ ಮೊದಲು ನಿಮ್ಮ ಮುಖ ನೋಡಬೇಕೆಂದು ನನಗೂ ಇದೆ. ಹೇಳಲಾಗದಿದ್ದರೆ ಬರಬೇಡಿ. ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ರುಜು ಹಾಕಲು ಭಾಗ್ಯಾ ಇದ್ದಾಳೆ.