ಅಷ್ಟೊಂದು ಹಿಮ, ನೀರೆಲ್ಲಿ?

ಬುಖಾರಾ,
7 ಮಾರ್ಚ್ 1997, ಶುಕ್ರವಾರ

ಪ್ರೀತಿಯ ಅಪ್ಪನಿಗೆ ನಿಮ್ಮ ಸನೋಬರಳ ಸಲಾಮು.

ಹೇಗಿದ್ದೀರಿ? ಎಡಗೈಯ ತಂತಿಯ ಮೇಲೆ ಓಡದ ಆ ಎರಡು ಬೆರಳು ಹೇಗಿವೆ? ಮುಹಯ್ಯೋ ಅಕ್ಕ ದಿನಾ ಬೆಳಿಗ್ಗೆ ಕುರಿಕೊಬ್ಬು ಬಿಸಿಮಾಡಿ ತಿಕ್ಕುತ್ತಾಳಂತೆ. ವಾಸನೆ ಎಂದು ಕೈ ಎಳೆದುಕೊಳ್ಳಬೇಡಿ. ಫೋನು ಮಾಡಿದರೆ ನೀವು "ಹೂಂ, ಆರಾಮಿದ್ದೀನಿ" ಎನ್ನುತ್ತೀರಿ, ಸಂಗೀತದ ಮಾತು ಬಂದ ಕೂಡಲೇ ಅಕ್ಕನ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನಾದರೂ ಪೂರ್ತಿ ಓದುತ್ತೀರೆಂದು ಬರೆಯುತ್ತಿದ್ದೇನೆ. ಇಲ್ಲಿ ಎಲ್ಲ ಕ್ಷೇಮ. ಸಮರ್ಖಂಡಕ್ಕೆ ಅಕ್ಕನ ಮನೆಗೆ ಹೊರಟ ದಿನ ನೀವು ಒಂದು ತುತ್ತು ಕಚ್ಚಿಟ್ಟ ರೊಟ್ಟಿ ನೀವು ಬಾರಿಸುವ ತಂಬೂರ್ ವಾದ್ಯದ ಪಕ್ಕದ ಮೊಳೆಯಲ್ಲಿ ಹಾಗೇ ಇದೆ. ಹಿಂದಿರುಗಿ ಬಂದು ನೀವೇ ಮುಗಿಸಬೇಕಾದದ್ದು; ನಾನು ಧೂಳು ಮಾತ್ರ ಒರೆಸುತ್ತೇನೆ.

ಈಗ ಸುದ್ದಿ. ಅಪ್ಪಾ, ನೌರೋಜ್ ಹಬ್ಬದ ಕಛೇರಿಗೆ ಸಂಗೀತ ಶಾಲೆಯವರು ನನ್ನ ಚಿತ್ರ ಕೇಳಿದ್ದಾರೆ! ವಾದಕರು ಕೂರುವ ಜಾಗದ ಹಿಂದಿನ ಆ ದೊಡ್ಡ ಗೋಡೆ ಪೂರ್ತಿ ನನಗೇ. ಹತ್ತೊಂಬತ್ತಕ್ಕೆ ಬಂದು ಒಯ್ಯುತ್ತಾರೆ. ಒಂದೂವರೆ ಮಾರು ಅಗಲದ ಕ್ಯಾನ್ವಾಸು ಬಾಗಿಲಲ್ಲಿ ಹಿಡಿಯಲಿಲ್ಲ, ಕಿಟಕಿ ಕಳಚಿ ಒಳಗೆ ತಂದೆವು. ಅದರಲ್ಲಿ ಏನಿದೆ ಗೊತ್ತೆ? ನಿಮ್ಮ ಮಕಾಮ್ ಇದೆ, ನೀವು ಬಾರಿಸುವ ಅದೇ ರಾಗ. "ಬಣ್ಣಕ್ಕೆ ಕಿವಿ ಎಲ್ಲಿದೆ ಹುಡುಗಿ?" ಎಂದು ನೀವು ನಕ್ಕದ್ದು ನಾನು ಮರೆತಿಲ್ಲ. ಅಮ್ಮ ಧ್ವನಿಮುದ್ರಿಸಿದ್ದ ಆ ಕ್ಯಾಸೆಟ್ಟು ಹಾಕಿಕೊಂಡು ದಿನಕ್ಕೆ ಒಂದೇ ಒಂದು ಸಾಲು ಕೇಳಿದೆ, ಕೇಳಿದಷ್ಟನ್ನೇ ಬರೆದೆ. ನೀವು ಮಂದ್ರದಲ್ಲಿ ಗೊಣಗುತ್ತಾ ಶುರುಮಾಡುವಲ್ಲಿ ಎಡಮೂಲೆಯಲ್ಲಿ ಕಂದು ಹೊಲ, ಕಿತ್ತ ಹತ್ತಿಗಿಡಗಳ ಕಡ್ಡಿ. ಅದೇ ಸಾಲನ್ನು ಎರಡನೆಯ ಸಲ ಮೇಲಿನ ಸ್ವರದಲ್ಲಿ ಹಿಡಿಯುವಲ್ಲಿ ಒಣ ಪಾಪ್ಲರ್ ಮರಗಳ ಸಾಲು. ಆಮೇಲೆ ಗುಡ್ಡ, ಗುಡ್ಡದ ಮೇಲೆ ಗುಡ್ಡ. ಕೊನೆಗೆ ಔಜ್, ಎಲ್ಲರೂ ಉಸಿರು ಹಿಡಿಯುವ ಆ ತುತ್ತತುದಿ. ಅಲ್ಲಿ ಕುಂಚ ಬಿಟ್ಟು ಬಣ್ಣದ ಚಾಕುವಿನ ಅಲಗಿನಿಂದಲೇ ಬಿಳಿಯನ್ನು ಮೆತ್ತಿದೆ. ಮೂರು ಟ್ಯೂಬು ಖಾಲಿ. ಹಿಮ ಎಂದರೆ ಹಿಮ! ನನಗೇ ಚಳಿಯಾಯಿತು.

ನಿನ್ನೆ ನಿಮ್ಮ ಜೊತೆಗಾರ ಹಮ್ರೋ ಕಾಕಾ ನೋಡಲು ಬಂದರು. ನಲವತ್ತು ವರ್ಷ ನಿಮ್ಮ ಪಕ್ಕದಲ್ಲಿ ಕೂತು ದಾಯ್ರಾ ಬಡಿದವರಲ್ಲವೆ, ಚಿತ್ರದ ಮುಂದೆಯೂ ತೊಡೆಯ ಮೇಲೆ ತಾಳ ಹಾಕುತ್ತಲೇ ಕೂತರು. ಒಣ ಹಿಪ್ಪುನೇರಳೆಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಾ ಎಡದಿಂದ ಬಲಕ್ಕೆ ನೋಡಿದರು. "ಇದು ನಮ್ಮ ಹೊಲ... ಇಲ್ಲಿ ಏರ್ತಾನೆ... ಹಾಂ, ಇದೇ ಔಜ್! ಭಲೇ ಮಗಳೇ!" ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಷ್ಟರಲ್ಲಿ ತೊಡೆಯ ಮೇಲಿನ ಕೈ ನಿಂತಿತು. "ಅಲ್ಲಾ, ಅಷ್ಟೊಂದು ಹಿಮ ಇಟ್ಟಿದ್ದೀಯ, ನೀರೆಲ್ಲಿ? ಬುಖಾರಾದೋರು ಏನು ಕುಡೀಬೇಕು? ನಿಮ್ಮಪ್ಪನ್ನ ಬೆಟ್ಟದ ತುದಿಗೆ ಹತ್ತಿಸಿ ನಿಲ್ಲಿಸಿಬಿಟ್ಟಿದ್ದೀಯಲ್ಲೇ! ಪಾಪ, ಮುದುಕ, ಕೆಳಗೆ ಇಳಿಯೋದು ಹೇಗೆ?"

ನಿಜ ಅಪ್ಪಾ. ಇಡೀ ಚಿತ್ರದಲ್ಲಿ ಒಂದು ಹನಿ ನೀರಿಲ್ಲ. ಜರಫ್ಶಾನ್ ನದಿಯ ದಡದಲ್ಲಿ ಹುಟ್ಟಿದ ನಾನು ನದಿಯನ್ನೇ ಮರೆತಿದ್ದೆ! ಕ್ಯಾಸೆಟ್ಟು ಹಾಕಿ ನೋಡಿದೆವು. ಔಜ್ ಆಗುತ್ತಿದ್ದಂತೆ ಟೇಪು ಮುಗಿಯುತ್ತದೆ. ತಿರುಗಿಸಿ ಹಾಕಿದರೆ ಅಕ್ಕನ ಮದುವೆಯ ಗದ್ದಲ, ಯಾರೋ "ಪಲಾವಿಗೆ ಉಪ್ಪು ಸಾಲದು" ಎಂದು ಕೂಗುತ್ತಿದ್ದಾರೆ. ಹಮ್ರೋ ಕಾಕಾ ಬಿದ್ದು ಬಿದ್ದು ನಕ್ಕರು. "ಹೋಗಲಿ, ಚಿಕ್ಕಂದಿನಿಂದ ಕೇಳಿಲ್ವಾ?" ಎಂದರು. ಕೇಳಿಲ್ಲ. ಔಜ್ ಮುಗಿದು ಜನ "ಆಹಾ" ಎನ್ನುತ್ತಿದ್ದಂತೆ ಅಮ್ಮ ನನಗೆ ಕಣ್ಸನ್ನೆ ಮಾಡುತ್ತಿದ್ದಳು, ನಾನು ಚಹಾ ತರಲು ಓಡುತ್ತಿದ್ದೆ. ನೀವು ಕೆಳಗಿಳಿಯುವಾಗಲೆಲ್ಲ ನಾನು ಅಡುಗೆಮನೆಯಲ್ಲಿ, ಬಟ್ಟಲುಗಳ ಸದ್ದಿನ ನಡುವೆ.

ಅವರು ಹೋದಮೇಲೆ ಹಿಮದ ಬುಡದಿಂದ ಹೊಲದವರೆಗೆ ಬಳುಕುವ ಒಂದು ಪಟ್ಟಿಯಷ್ಟು ಬಣ್ಣ ಕೆರೆದು ತೆಗೆದಿದ್ದೇನೆ. ನದಿಗೆ ಜಾಗವಾಯಿತು. ಇನ್ನು ನೀರು ಬರೆಯುವುದೇನು ಮಹಾ, ಹೇಗೋ ಮುಗಿಸುತ್ತೇನೆ, ನೀವು ಚಿಂತೆ ಮಾಡಬೇಡಿ. ಅಕ್ಕನಿಗೆ, ಭಾವನಿಗೆ, ಮಕ್ಕಳಿಗೆ ನನ್ನ ನೆನಪು ಹೇಳಿ. ನಿಮ್ಮ ಆಶೀರ್ವಾದದ ಕೈ ನನ್ನ ತಲೆಯ ಮೇಲಿರಲಿ, ನಡುಗಿದರೂ ಸರಿ.

ನಿಮ್ಮ ಮಗಳು,
ಸನೋಬರ್

ತಾ.ಕ.: ಸಮರ್ಖಂಡದ ಬಸ್ಸು ಹೊರಡುತ್ತಿದೆ, ಡ್ರೈವರ್ ಕೈಯಲ್ಲೇ ಕಾಗದ ಕೊಡುತ್ತಿದ್ದೇನೆ. ಅಪ್ಪಾ, ಮೇಲೆ ಬರೆದದ್ದು ಸುಳ್ಳು. ಬೆಳಿಗ್ಗೆಯಿಂದ ಮೂರು ಸಲ ನೀರು ಬರೆದೆ, ಮೂರು ಸಲ ಕೆರೆದೆ. ಎಲ್ಲೋ ಕಂಡ ನದಿಯಾಗುತ್ತದೆ, ನಿಮ್ಮದಾಗುವುದಿಲ್ಲ. ನಿಮ್ಮ ಶಿಷ್ಯರನ್ನು ಕೇಳಿದರೆ "ಏರೋದು ಎಲ್ಲರಿಗೂ ಒಂದೇ ಮೆಟ್ಟಿಲು. ಇಳಿಯೋದು ಮಾತ್ರ ಉಸ್ತಾದರು ನಮಗಿನ್ನೂ ಹೇಳಿಕೊಟ್ಟಿರಲಿಲ್ಲ" ಎಂದರು. ಅದು ಈಗ ನಿಮ್ಮೊಬ್ಬರ ಹತ್ತಿರ ಇದೆ. ಬೆರಳು ಓಡುವುದಿಲ್ಲ ಎನ್ನಬೇಡಿ. "ಇಳಿಯೋಕೆ ಓಟ ಯಾಕೆ ಬೇಕು? ಮುದುಕರು ಕೋಲೂರಿಕೊಂಡು ಇಳಿಯಲ್ವಾ, ಹಾಗೆ ಬಾರಿಸಲಿ ಅನ್ನು" ಎಂದು ಹಮ್ರೋ ಕಾಕಾ ಹೇಳಿ ಕಳಿಸಿದ್ದಾರೆ. ಅಕ್ರೋಟದ ಎಣ್ಣೆಯಲ್ಲಿ ಕಲಸಿದ ಬಣ್ಣ, ದಡಗಳು ಬುಧವಾರದವರೆಗೆ ಹಸಿಯಾಗಿರುತ್ತವೆ. ಆಮೇಲೆ ನದಿ ಅದರೊಳಗೆ ಬೆರೆಯುವುದಿಲ್ಲ. ಇದೇ ಬಸ್ಸು ನಾಳೆ ಬೆಳಿಗ್ಗೆ ಎಂಟಕ್ಕೆ ಅಲ್ಲಿಂದ ವಾಪಸು ಹೊರಡುತ್ತದೆ, ಮುಂದಿನ ಸೀಟು ನಿಮಗೆ ಹಿಡಿದಿಡಲು ಹೇಳಿದ್ದೇನೆ. ರೊಟ್ಟಿ ಕಲ್ಲಾಗಿದೆ, ಚಹಾದಲ್ಲಿ ನೆನೆಸಿ ತಿನ್ನಬೇಕು. ಚಹಾ ಹಮ್ರೋ ಕಾಕಾ ತರುತ್ತಾರೆ. ಈ ಸಲ ಔಜ್ ಮುಗಿದ ಮೇಲೂ ನಾನು ಏಳುವುದಿಲ್ಲ.